ಬೂದಿ ಬೆರೆಸಿದ ಸ್ಲ್ಯಾಬು

ಉಟಗಿಯಲ್ಲಿ ಶಿವಯೋಗೆಪ್ಪನ ಹೊಸ ಮನೆಯ ಸ್ಲ್ಯಾಬಿಗೆ ಗೌಂಡಿ ನೂರಮಹಮ್ಮದ ಸಿಮೆಂಟಿನ ಮೂರರಲ್ಲೊಂದು ಪಾಲು ಕಡಿಮೆ ಮಾಡಿ, ಆ ಜಾಗಕ್ಕೆ ಹಾರುಬೂದಿ ಹಾಕಿದ್ದ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ, ಹಿಟ್ಟಿನಷ್ಟು ನುಣ್ಣನೆಯ ಬೂದಿ. ವಿಜಯಪುರದ ದೊಡ್ಡ ಕಟ್ಟಡಗಳಲ್ಲಿ ಎರಡು ವರ್ಷ ದುಡಿದು, ಇಂಜಿನಿಯರರ ಬೆನ್ನು ಬಿದ್ದು ಕಲಿತ ವಿದ್ಯೆ ಅದು. ಈ ಕಾಂಕ್ರೀಟು ಬಿಸಿಲಿಗೆ ಅಷ್ಟು ಬೇಗ ಬಿರಿಯುವುದಿಲ್ಲ. ಊರಲ್ಲೆಲ್ಲ ಗೆಳೆಯನ ಮನೆಯೇ ಗಟ್ಟಿಯಾಗಿರಲಿ ಎಂಬ ಆಸೆ ಅವನದು. ಆದರೆ ಒಂದು ತಪ್ಪು ಮಾಡಿದ, ಶಿವಯೋಗೆಪ್ಪನಿಗೆ ಹೇಳಲಿಲ್ಲ. ಒಂದೇ ತಾಟಿನಲ್ಲಿ ಉಂಡ ಮೂವತ್ತು ವರ್ಷದ ಗೆಳೆತನ. ಗೆಳೆಯನ ಹಳೆ ಮನೆಯ ಒಲೆಯಿಂದ ಹಿಡಿದು ದನ ಮೇವು ತಿನ್ನುವ ಗ್ವಾದಲಿಯವರೆಗೆ ಎಲ್ಲವನ್ನೂ ಕೇಳದೆಯೇ ಕಟ್ಟಿದ್ದ. ಕೇಳಿದರೇ ಬಯ್ಯುತ್ತಿದ್ದ ಶಿವಯೋಗೆಪ್ಪ.

ಸ್ಲ್ಯಾಬು ಹಾಕಿದ ಎಂಟನೇ ದಿನ ಶಿವಯೋಗೆಪ್ಪ ಕುಡುಗೋಲಿನ ತುದಿಯಿಂದ ಸ್ಲ್ಯಾಬಿನ ಅಂಚು ಕೆರೆದ. ಬೂದು ಪುಡಿ ಉದುರಿತು.

"ಏನೋ ಇದು?"

"ಬೂದಿ ಹಾಕೇನಿ. ಇದು ಸಾವಕಾಶ ಬಿಗಿತೈತಿ. ತಿಂಗಳ ತಡಿ, ಕಲ್ಲ ಆಗತೈತಿ."

"ನನ್ನ ಮನಿಗಿ ಬೂದಿ ಹಾಕಿದಿ? ನನಗ ಹೇಳಲಾರದ?"

ಮರುದಿನದಿಂದ ಶಿವಯೋಗೆಪ್ಪನ ಬಾಯಲ್ಲಿ ‘ನೂರಾ’ ಹೋಗಿ ‘ಗೌಂಡ್ಯಾರ’ ಬಂತು. ಆ ಮರ್ಯಾದೆಗಿಂತ ಕಪಾಳಕ್ಕೆ ಎರಡು ಬಿಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಊರಿಗಂತೂ ಸಿಮೆಂಟು ಉಳಿಸಿಕೊಂಡು ಬೂದಿ ತುಂಬಿದನೆಂದು ಬಾಯಾಡಿಸಲು ಇಷ್ಟು ಸಾಕಾಯಿತು. ಚಹಾದಂಗಡಿಯಲ್ಲಿ ನೂರಮಹಮ್ಮದ ಕುಳಿತ ಬೆಂಚು ಖಾಲಿಯಾಗುತ್ತಿತ್ತು. ದರಿಬಡಚಿ ಊರಿನಲ್ಲಿ ಹಿಡಿಯಬೇಕಿದ್ದ ಕೆಲಸ ಬೇರೆ ಗೌಂಡಿಯ ಪಾಲಾಯಿತು, ಕೂಲಿಯವರೂ ಆ ಗೌಂಡಿಯ ಹಿಂದೆಯೇ ಹೋದರು.

ಬೂದಿಯ ಕಾಂಕ್ರೀಟಿಗೆ ನೀರು ಹೆಚ್ಚು ದಿನ ಬೇಕು. ನೂರಮಹಮ್ಮದ ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಹಾಕಿ, ದಿನಾ ಒಬ್ಬನೇ ಕೊಡ ಹೊತ್ತು ಏಣಿ ಹತ್ತಿ ನೀರು ನಿಲ್ಲಿಸಿದ. ಪಕ್ಕದ ತಗಡಿನ ಶೆಡ್ಡಿನಲ್ಲಿ ಶಿವಯೋಗೆಪ್ಪನ ಹೆಂಡತಿ ಸಾವಿತ್ರೆವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಊಟಕ್ಕೆ ಕರೆಯುವ ಕೂಗು ಮಾತ್ರ ಬರಲಿಲ್ಲ. ತಾನು ತಂದ ಬುತ್ತಿಯನ್ನು ಏಣಿಯ ಬುಡದಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ಗುರುತಿನವರಿಲ್ಲದ ಪರವೂರಿನಲ್ಲೂ ಅವನಿಗೆ ಇಷ್ಟು ಒಂಟಿಯೆನಿಸಿರಲಿಲ್ಲ.

ಇಪ್ಪತ್ತೆಂಟನೇ ದಿನ ಸೆಂಟ್ರಿಂಗ್ ಬಿಚ್ಚಬೇಕು. ಸ್ಲ್ಯಾಬಿನಡಿಯ ಹಲಗೆಗಳಿಗೆ ಆಸರೆ ಕೊಟ್ಟ ಕಂಬ ತೆಗೆಯಲು ಯಾರೂ ಒಳಗೆ ಬರಲೊಲ್ಲರು.

"ಬಿದ್ದರ ಯಾರ ಹೊಣಿ?" ಎಂದ ಊರ ಹಿರಿಯ ಶಂಕರೆಪ್ಪ.

"ನಾನ ತಗೀತೀನ್ರಿ. ತಗದು ಅದರ ಬುಡಕ ಕುಂದರತೀನಿ."

ನೂರಮಹಮ್ಮದ ಹೇಳಿದ್ದು ಶಂಕರೆಪ್ಪನಿಗೆ, ನೋಡಿದ್ದು ಶಿವಯೋಗೆಪ್ಪನನ್ನು. ಸ್ಲ್ಯಾಬಿನ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೇಡ ಎಂಬ ಒಂದು ಮಾತು ಆ ಬಾಯಿಂದ ಬಂದೀತೆಂದು ಕಾದ.

ಶಿವಯೋಗೆಪ್ಪ ರುಮಾಲು ಸರಿಮಾಡಿಕೊಂಡು ಜನರ ಹಿಂದಕ್ಕೆ ಸರಿದ.

ನೂರಮಹಮ್ಮದ ಒಳಗೆ ಹೋಗಿ, ನಡುವಿನಿಂದ ಶುರುಮಾಡಿ ಒಂದೊಂದೇ ಕಂಬ ಕಿತ್ತ. ಹಲಗೆಗಳು ಧಡಧಡ ಬಿದ್ದವು. ಸ್ಲ್ಯಾಬು ಮಿಸುಕಲಿಲ್ಲ. ಕೋಲಿನಿಂದ ಬಡಿದರೆ ಖಣ್ ಎಂದಿತು. ಅವನು ನಡುಮನೆಯಲ್ಲಿ ಕಾಲು ಮಡಚಿ ಕುಳಿತ. ಜನರೆಲ್ಲ ಗೋಡೆಯಿಂದ ಹತ್ತು ಮಾರು ದೂರ ನಿಂತಿದ್ದರು, ಎಲ್ಲರಿಗಿಂತ ಹಿಂದೆ ಶಿವಯೋಗೆಪ್ಪ.

ಬಹಳ ಹೊತ್ತಾದ ಮೇಲೆ ಶಿವಯೋಗೆಪ್ಪ ಬಾಗಿಲಿಗೆ ಬಂದ. ಮೂಲೆಯಿಂದ ಮೂಲೆಗೆ ಮೇಲೆಲ್ಲ ಕಣ್ಣಾಡಿಸಿ, ಆಮೇಲೆ ಒಳಗೆ ಕಾಲಿಟ್ಟ.

"ನಿಂತೈತಲ್ಲೋ!" ಎಂದು ನಗುತ್ತ, ಎಬ್ಬಿಸಲು ಕೈ ಚಾಚಿದ.

"ನಿಂತೈತಿ," ಎಂದ ನೂರಮಹಮ್ಮದ. "ಆದ್ರ ನಾ ಇದರ ಬುಡಕ ಕುಂದರತೀನಂದಾಗ ನೀ ಬ್ಯಾಡ ಅನ್ನಲಿಲ್ಲ."

ನೂರಮಹಮ್ಮದ ನೆಲಕ್ಕೆ ಕೈಯೂರಿ ತಾನೇ ಎದ್ದು, ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಗೆ ನಡೆದ.