ಹಳದಿ ಪುಸ್ತಕದ ಬೆಲೆ

ಡೆಲ್ಫೀನ್ ಎಟ್ಸಿಟಿಯ ಗಂಡ ಸತ್ತ ಹನ್ನೊಂದನೆಯ ದಿನ ಅವನ ನೀಲಿ ಪಿಕಪ್ ಟ್ರಕ್ಕನ್ನು ಹೆದ್ದಾರಿ ಬದಿಯ ಹಳೇ ಗಾಡಿಗಳ ವ್ಯಾಪಾರಿ ಕರ್ಟಿಸ್ ಹ್ಯಾಡ್ಲಿ ಸಾವಿರದೈನೂರು ಡಾಲರಿಗೆ ಕೊಂಡ. ಆರನೆಯ ವಾರ ಅದೇ ಟ್ರಕ್ಕು ಅವನ ಅಂಗಳದ ಮುಂಸಾಲಿನಲ್ಲಿ ನಿಂತಿತ್ತು. ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಒಂಬತ್ತು ಸಾವಿರದ ನಾನೂರು ಎಂದು ಬರೆದಿತ್ತು.

ತಂಗಿ ಲವೋನ್‌ಳ ಪುಟ್ಟ ಕಾರಿನಿಂದ ಇಳಿದ ಡೆಲ್ಫೀನ್ ಅತ್ತ ನೋಡಲಿಲ್ಲ. ನೋಡಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಕೈಯಲ್ಲಿದ್ದ ಕಾಗದಗಳನ್ನು ಎದೆಗೆ ಅವಚಿಕೊಂಡು ಎರಡನೆಯ ಸಾಲಿನ ಬಿಳಿ ಟ್ರಕ್ಕಿನ ಕಡೆ ನಡೆದಳು.

"ಅಕ್ಕಾ, ಹಂಗೆ ಅಪ್ಕೊಂಡು ಹೋಗ್ಬೇಡ. ಪಾದ್ರಿ ಬೈಬಲ್ ತಂದ ಅಂತ ಅವ್ನು ಬಾಗ್ಲು ಹಾಕ್ಕೊಂಡಾನು," ಎಂದಳು ಲವೋನ್.

"ಹಾಕ್ಕೊಳ್ಳಿ ಬಿಡು. ಒಳಗಿದ್ದಷ್ಟು ಹೊತ್ತು ಯಾರ ಗಾಡೀನೂ ನುಂಗಲ್ಲ."

ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಗಂಡ ಸತ್ತದ್ದು ಆ ನೀಲಿ ಗಾಡಿಯೊಳಗೇ. ನೀರು ತುಂಬಿಸುವ ಕೊಳಾಯಿಯ ಸಾಲಿನ ಮುಂತುದಿಯಲ್ಲಿ, ಸ್ಟೀರಿಂಗಿಗೆ ಹಣೆಯಿಟ್ಟುಕೊಂಡು. ಹಿಂದಿದ್ದ ಡ್ರಮ್ಮುಗಳು ತುಂಬಿ ತುಳುಕಿ ನೀರು ಮಣ್ಣಿಗೆ ಹರಿಯುತ್ತಿತ್ತು. ಸಾಲಿನಲ್ಲಿದ್ದವರು ಹಾರನ್ ಒತ್ತಿ, ನಿದ್ದೆ ಮಾಡೋಕೆ ಮನೆ ಇಲ್ವೇನಯ್ಯಾ ಎಂದು ಬೈಯುತ್ತಿದ್ದರು. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನ ಸತ್ತವನ ಹೆಸರೆತ್ತುವುದಿಲ್ಲ, ಅವನ ವಸ್ತು ಇಟ್ಟುಕೊಳ್ಳುವುದಿಲ್ಲ, ಪ್ರಾಣ ಹೋದ ಗಾಡಿಯನ್ನು ಮತ್ತೆ ಏರುವುದಿಲ್ಲ. ಅಂಥದ್ದಕ್ಕೆ ಚೌಕಾಸಿ ಮಾಡುವುದೆಂದರೆ ಸತ್ತವನನ್ನು ಅಂಗಡಿಗೆ ಎಳೆದು ತಂದು ನಿಲ್ಲಿಸಿದ ಹಾಗೆ. ಹ್ಯಾಡ್ಲಿಗೆ ಇದೆಲ್ಲ ಗೊತ್ತು. ಪತ್ರಿಕೆ ಬಂದರೆ ಮೊದಲು ತಿರುವುವುದು ಸತ್ತವರ ಪುಟ. ಆಮೇಲೆ ಗಾಡಿ ಎಳೆದೊಯ್ಯುವ ಲಾರಿ ಕಳಿಸುತ್ತಾನೆ, ಬಾಡಿಗೆ ಕೇಳದೆ. ಲಾರಿ ಬಂದ ದಿನ ಡೆಲ್ಫೀನ್ ಬೀಗದ ಕೈಯನ್ನು ಬೇಲಿಯ ಗೂಟಕ್ಕೆ ತಗುಲಿಸಿ ಒಳಗೆ ಹೋಗಿಬಿಟ್ಟಿದ್ದಳು. ಕೊಟ್ಟ ಹಣವನ್ನು ಎಣಿಸಲೂ ಇಲ್ಲ.

ಅಲ್ಲಿಂದಾಚೆಗೆ ನೀರು ಲವೋನ್‌ಳ ಕಾರಿನ ಹಿಂಭಾಗದಲ್ಲಿ ಬರುತ್ತಿತ್ತು. ಒಂದು ಸಲಕ್ಕೆ ಆರು ಕ್ಯಾನು. ಕಣಿವೆಯ ದಿಬ್ಬವನ್ನು ಕಾರು ಹತ್ತದು. ಅಲ್ಲಿಂದ ಮನೆಗೆ ಹೊತ್ತೇ ಹೋಗಬೇಕು. ಮನೆಯಲ್ಲಿ ಎಪ್ಪತ್ತಾರರ ತಾಯಿ, ಮೂವತ್ತೆಂಟು ಕುರಿ. ಮೇ ತಿಂಗಳು ಅರ್ಧ ಕಳೆದಿತ್ತು. ಗಾಳಿಯಂತ್ರದ ಬಾವಿ ಹೋದ ವರ್ಷವೇ ಬತ್ತಿತ್ತು. ಮುದುಕಿ ತನ್ನ ಪಾಲಿನ ಲೋಟದಲ್ಲಿ ಅರ್ಧವನ್ನು ಕುಂಟುತ್ತಿದ್ದ ಒಂದು ಮರಿಗೆ ಸುರಿಯುವುದನ್ನು ಡೆಲ್ಫೀನ್ ಕಂಡಿದ್ದಳು. ಕಂಡೂ ಕಾಣದವಳಂತೆ ಇದ್ದಳು. ಜೂನ್ ಒಳಗೆ ಟ್ರಕ್ಕು ಬಾರದಿದ್ದರೆ ಮಂದೆ ಹರಾಜಿಗೆ ಹೋಗಬೇಕು. ಮಂದೆ ಹೋದ ಮೇಲೆ ಅಮ್ಮ ಯಾವುದಕ್ಕಾಗಿ ಬೆಳಿಗ್ಗೆ ಏಳುತ್ತಾಳೆ ಎಂಬ ಪ್ರಶ್ನೆಯನ್ನು ಅಕ್ಕತಂಗಿಯರು ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಹಳೇ ಗಾಡಿಗಳ ಬೆಲೆಪುಸ್ತಕಗಳ ವಿಷಯ ತೆಗೆದವಳು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವ ಲವೋನ್. "ಬಿಳಿಯರು ಗಾಡಿ ಕೊಳ್ಳೋಕೆ ಮುಂಚೆ ಪುಸ್ತಕ ನೋಡ್ತಾರೆ. ನಾವು ಟೈರಿಗೆ ಒದೀತೀವಿ. ಅದಕ್ಕೇ ಅವರಿಗೆ ಗಾಡಿ ಸಿಗುತ್ತೆ, ನಮಗೆ ಕಾಲುನೋವು," ಎಂದಿದ್ದಳು. ಎರಡು ವಾರ ಪ್ರತಿ ಸಂಜೆ ಆ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ತೆರೆದು ಕೂತರು. ಹ್ಯಾಡ್ಲಿಯ ಅಂಗಳದಲ್ಲಿ ಲವೋನ್ ನೋಡಿಟ್ಟಿದ್ದ ಒಂದೇ ಬಿಳಿ ಟ್ರಕ್ಕು, ಒಂದೇ ವರ್ಷದ್ದು, ಅಷ್ಟೇ ಮೈಲು ಓಡಿದ್ದು. ಬ್ಯಾಂಕಿನವರು ನೋಡುವ ಪುಸ್ತಕದಲ್ಲಿ ಏಳು ಸಾವಿರದ ನೂರು. ಯಾರು ಬೇಕಾದರೂ ನೋಡಬಹುದಾದ ಇನ್ನೊಂದರಲ್ಲಿ ಆರು ಸಾವಿರದ ನಾನೂರು. ಮೂರನೆಯದರಲ್ಲಿ ಐದು ಸಾವಿರದ ಎಂಟುನೂರು. ಎಲ್ಲಿ ವಾಸ ಎಂದು ಮೂರೂ ಕೇಳುತ್ತಿದ್ದವು. ನವಾಹೋಗಳ ಮೀಸಲು ಪ್ರದೇಶದ ಪಿನ್‌ಕೋಡ್ ಹಾಕಿ ಗಾಡಿ ಮಾರುತ್ತೇನೆಂದರೆ ಬೆಲೆ ಇಳಿಯುತ್ತಿತ್ತು. ಬಿಳಿಯರ ಊರಿನದು ಹಾಕಿದರೆ ಏರುತ್ತಿತ್ತು. ಗಾಡಿ ನಿಂತಲ್ಲೇ ಇತ್ತು. ಮಾಲೀಕ ಯಾರೆಂಬುದೇ ಅದರ ಸವಕಳಿ.

ಮೊದಲ ದಿನ ಲವೋನ್, ಗೊತ್ತಿರುವ ಗಾಡಿಯಿಂದಲೇ ಕಲಿಯೋಣ ಎಂದು, ಹಿಂದುಮುಂದು ನೋಡದೆ, ಆ ನೀಲಿ ಟ್ರಕ್ಕಿನ ವರ್ಷ ಒತ್ತಿಬಿಟ್ಟಿದ್ದಳು. ಡೆಲ್ಫೀನ್ ಪರದೆಗೆ ಅಂಗೈ ಅಡ್ಡ ಹಿಡಿದಳು. ಅಷ್ಟರಲ್ಲಿ ಕಣ್ಣಿಗೆ ಬಿದ್ದಿತ್ತು. ವ್ಯಾಪಾರಿ ಕೊಡಬೇಕಾದ ಬೆಲೆ: ಆರು ಸಾವಿರದ ನೂರು. ಆ ಹಣದಲ್ಲಿ ಇನ್ನೊಂದು ಗಾಡಿ ಮರುವಾರವೇ ಮನೆಯ ಅಂಗಳದಲ್ಲಿ ನಿಂತಿರುತ್ತಿತ್ತು. ಹೇಳಿಕೊಳ್ಳಲು ಬಾಯಿಲ್ಲ. ಹೇಳಬೇಕೆಂದರೆ ಗಾಡಿಯ ಮಾತೆತ್ತಬೇಕು, ಗಾಡಿಯ ಮಾತೆತ್ತಿದರೆ ಸತ್ತವನು ಬರುತ್ತಾನೆ.

ಈಗ ಅವಳ ಬಳಿ ಇದ್ದದ್ದು ಆರು ಸಾವಿರದ ಐನೂರು. ಆ ಸಾವಿರದೈನೂರು ಸೇರಿ, ಅಮ್ಮ ನೇಯ್ದ ಎರಡು ದೊಡ್ಡ ಕಂಬಳಿ ಸೇರಿ, ಶಾಲೆಯ ಅಡುಗೆಮನೆಯ ಸಂಬಳ ಸೇರಿ.

ಹ್ಯಾಡ್ಲಿ ಹೊರಗೆ ಬಂದ. ಬೊಜ್ಜಿನ ಮೇಲೆ ಬೆಳ್ಳಿಯ ಬಕಲು, ಅದರಲ್ಲೊಂದು ಪಚ್ಚೆನೀಲಿ ಕಲ್ಲು.

"ಬಾ ತಂಗಿ. ನಿನ್ನ ಕಷ್ಟ ಕೇಳಿ ನಂಗೆ ಎಷ್ಟು ನೋವಾಯ್ತು ಗೊತ್ತಾ? ಅಮ್ಮ ಹೇಗಿದಾರೆ?"

"ಬಾಯಾರಿಕೆಯಿಂದ ಇದಾರೆ," ಎಂದಳು ಡೆಲ್ಫೀನ್. "ಆ ಬಿಳೀದು ಎಷ್ಟು?"

"ನಿಂಗೆ ಅಂತ ಎಂಟು ಸಾವಿರದ ಒಂಬೈನೂರು."

ಡೆಲ್ಫೀನ್ ಮೂರು ಕಾಗದಗಳನ್ನು ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೊಣಕೈ ಊರಿ ನಿಂತಳು. ಹ್ಯಾಡ್ಲಿ ಓದಿದ. ಮಗುವಿನ ಚಿತ್ರ ನೋಡುವವನಂತೆ ತಲೆದೂಗಿದ. ಆಮೇಲೆ ಹಿಂಜೇಬಿನಿಂದ ಹಳದಿ ಹೊದಿಕೆಯ ಒಂದು ಪುಟ್ಟ ಪುಸ್ತಕ ತೆಗೆದ.

"ಇದೆಲ್ಲ ಜನಕ್ಕೆ ಅಂತ ಮಾಡಿದ್ದು ತಂಗಿ. ಇದು ವ್ಯಾಪಾರದವರ ಪುಸ್ತಕ. ನೋಡು, ಈ ಕಡೆಯ ಗಾಡಿಗೆ ತುಕ್ಕು ಇರಲ್ಲ. ಒಣಹವೆ. ಅದಕ್ಕೆ ಬೆಲೆ ಜಾಸ್ತಿ."

"ಮತ್ತೆ ನಮ್ಮ ಹತ್ರ ತಗೊಳ್ಳೋವಾಗ ಮಣ್ಣು ರಸ್ತೆ ಗಾಡಿ, ಬೆಲೆ ಕಮ್ಮಿ ಅಂತೀಯಲ್ಲ," ಎಂದಳು ಲವೋನ್.

"ಮಣ್ಣು ರಸ್ತೆ ಗಾಡೀನ ಅದುರಿಸುತ್ತೆ ತಾನೆ?"

"ಅಂದ್ರೆ ನಿನ್ನ ಗೇಟು ದಾಟೋವರೆಗೂ ಅದುರುತ್ತೆ, ಒಳಗೆ ಬಂದ ಕೂಡಲೇ ಒಣಗುತ್ತೆ."

ಹ್ಯಾಡ್ಲಿ ಮನಸಾರೆ ನಕ್ಕ. ಸೋಲುವ ಭಯವಿಲ್ಲದವರ ನಗು ಅದು. "ಒಳಗೆ ಹೋಗಿ ಲೆಕ್ಕ ನೋಡ್ತೀನಿ. ಇಲ್ಲೇ ಇರಿ," ಎಂದು ಒಂದು ಕಾಗದ ಎತ್ತಿಕೊಂಡು ಹೋದ.

ಆಗ ಮುಂಸಾಲಿನಲ್ಲಿ ನೀಲಿ ಗಾಡಿಯ ಸುತ್ತ ಸುಳಿಯುತ್ತಿದ್ದ ಒಬ್ಬ ಹೆಂಗಸು ಇವರತ್ತ ಬಂದಳು. ಇಪ್ಪತ್ತೈದರ ಆಸುಪಾಸು, ತುಂಬು ಬಸುರಿ. ಗಂಡ ಗಾಡಿಯ ಕೆಳಗೆ ಬಗ್ಗಿ ನೋಡುತ್ತಿದ್ದ. ಹೆಂಗಸು ಮೆಲ್ಲಗೆ ಕೈಮುಟ್ಟಿ ನವಾಹೋ ಮಾತಿನಲ್ಲೇ ತನ್ನ ಕುಲ ಹೇಳಿದಳು: ತಾಯಿಯ ಕಡೆ ಕಹಿನೀರಿನವರು. ಡೆಲ್ಫೀನಳೂ ಕಹಿನೀರಿನವಳೇ.

"ಹಂಗಾದ್ರೆ ನೀವು ನಂಗೆ ಚಿಕ್ಕಮ್ಮ," ಎಂದಳು ಹುಡುಗಿ, ಭಾರ ಇಳಿದಂತೆ. ಹೆಸರು ಶಾಂಡೀನ್ ಮೆನಿಗೋಟ್ಸ್. "ಚಿಕ್ಕಮ್ಮ, ಆ ನೀಲಿ ಗಾಡಿ ಯಾರದು, ಅವರು ಈಗ ಎಲ್ಲಿದ್ದಾರೆ ಅಂತ ಕೇಳಿದ್ರೆ ಈ ಮನುಷ್ಯ ಫೀನಿಕ್ಸಿಗೆ ಹೋದ ಅಂತಾನೆ. ಎಲ್ಲ ಗಾಡಿಗೂ ಅದೇ ಉತ್ತರ. ಇಷ್ಟು ಜನ ಹೋಗಿದ್ರೆ ಫೀನಿಕ್ಸಲ್ಲಿ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ. ನಿಮಗೇನಾದ್ರೂ ಗೊತ್ತಾ?"

ಬಸುರಿ ಹೆಂಗಸು ಅಂಥ ಗಾಡಿಯಲ್ಲಿ ಕೂರುವುದೆಂದರೆ! ಡೆಲ್ಫೀನ್ ಬಾಯಿ ತೆರೆದರೆ ಗಂಡನ ಸಾವನ್ನೇ ಆಡಬೇಕು, ಅದೂ ಹೊಟ್ಟೆಯಲ್ಲಿರುವ ಕೂಸಿನ ಎದುರು. ಮಾತು ಹುಡುಕುತ್ತಿದ್ದಾಗಲೇ ಹ್ಯಾಡ್ಲಿ ಬಾಗಿಲಿಂದ ಕರೆದ.

"ತಂಗಿ, ನೀನೊಬ್ಳೇ ಬಾ."

"ಇರು ಮಗಳೇ. ಈಗ ಬಂದೆ," ಎಂದು ಡೆಲ್ಫೀನ್ ಒಳಗೆ ಹೋದಳು.

ಮೇಜಿನ ಮೇಲೆ ಅವಳ ಕಾಗದಗಳಲ್ಲೊಂದಿತ್ತು, ಎಲ್ಲಕ್ಕಿಂತ ಕಡಿಮೆ ಬೆಲೆಯದು. ಅದರ ಮೇಲೆ ಬಿಳಿ ಟ್ರಕ್ಕಿನ ಬೀಗದ ಕೈ. ಪಕ್ಕದಲ್ಲಿ ಭರ್ತಿ ಮಾಡಿಟ್ಟ ಕರಾರು.

"ಐದು ಸಾವಿರದ ಎಂಟುನೂರು," ಎಂದ ಹ್ಯಾಡ್ಲಿ. "ನಿನ್ನ ಪುಸ್ತಕದ ಬೆಲೆ. ಇವತ್ತೇ ತಗೊಂಡು ಹೋಗು. ಡ್ರಮ್ಮಿಗೆ ಹಗ್ಗಾನೂ ಕೊಡ್ತೀನಿ."

ಅವಳು ಕಾದಳು. ಆರು ವಾರ ಅವಳಿಗೆ ಇಷ್ಟು ಕಲಿಸಿತ್ತು.

"ಆ ಹುಡುಗಿ ಏನು ಕೇಳಿದ್ಳು ಅಂತ ಗೊತ್ತು. ನೀವೆಲ್ಲ ಅದನ್ನೇ ಕೇಳೋದು. ನಾನು ಹೇಳಿದ್ರೆ ನಂಬಲ್ಲ. ನಿನ್ನನ್ನ ನಂಬ್ತಾಳೆ. ಹೋಗಿ ಒಂದು ಮಾತು ಹೇಳು. ಗಾಡಿ ನಮ್ಮದೇ ಇತ್ತು, ಮಾಲೀಕ ಫೀನಿಕ್ಸಲ್ಲಿ ಕೆಲಸಕ್ಕಿದಾನೆ, ಚೆನ್ನಾಗಿದಾನೆ. ನಿಮ್ಮ ಮಾತಲ್ಲೇ ಹೇಳು."

"ಚೆನ್ನಾಗಿದಾನೆ ಅಂತ."

"ಯಾರಿಗೇನು ನಷ್ಟ? ಗಾಡಿ ಒಳ್ಳೇದು. ಸತ್ತವರಿಗೆ ಅಂತ ಯಾವ ಪುಸ್ತಕದಲ್ಲೂ ಬೆಲೆ ಇಳಿಸಲ್ಲ, ಬೇಕಾದ್ರೆ ನೀನೇ ನೋಡು."

"ನನ್ನ ಹತ್ರ ತಗೊಳ್ಳೋವಾಗ ಇಳಿಸಿದ್ಯಲ್ಲ."

ಹ್ಯಾಡ್ಲಿಯ ಮುಖ ಬದಲಾಗಲಿಲ್ಲ. "ಅವತ್ತು ನೀನು ಕೇಳಲಿಲ್ಲ. ನಾನು ಸುಳ್ಳು ಹೇಳಿದ್ನಾ? ಕೊಟ್ಟಿದ್ದನ್ನ ತಗೊಂಡೆ ನೀನು."

ಅದು ನಿಜವಾಗಿತ್ತು. ಅವಳ ಬಾಯಿ ಕಟ್ಟಿದ್ದು ಅವಳ ಜನರ ಮರ್ಯಾದೆ. ಆ ಮರ್ಯಾದೆಯ ಮೇಲೆ ಇವನು ಮೂವತ್ತು ವರ್ಷ ಅಂಗಡಿ ನಡೆಸಿದ್ದ. ಯಾವ ಕಾನೂನೂ ಇದನ್ನು ಕಳ್ಳತನ ಎನ್ನದು. ಕಿಟಕಿಯಾಚೆ ಶಾಂಡೀನಳ ಗಂಡ ಈಗ ಡ್ರೈವರ್ ಕಡೆಯ ಬಾಗಿಲಿನ ಹಿಡಿಯ ಹತ್ತಿರ ಕೈ ಒಯ್ದು, ಮುಟ್ಟದೆ, ಹೆಂಡತಿಯ ಮುಖ ನೋಡಿದ. ಅವಳು ತಡೆ ಎಂದು ಸನ್ನೆ ಮಾಡಿ ಕಚೇರಿಯ ಬಾಗಿಲನ್ನು ತೋರಿಸಿದಳು. ಚಿಕ್ಕಮ್ಮ ಬರಲಿ ಎಂದಿರಬೇಕು.

ಡೆಲ್ಫೀನ್ ಬೀಗದ ಕೈ ನೋಡಿದಳು. ಅಮ್ಮ ಲೋಟ ಓರೆ ಮಾಡುವ ಕೈ ಕಣ್ಣ ಮುಂದೆ ಬಂತು. ತಾನು ಬೇಡವೆಂದರೆ ಇವನೇನೂ ಕಂಗಾಲಾಗುವುದಿಲ್ಲ. ನಾಳೆ ನೀರಿಲ್ಲದ ಇನ್ನೊಂದು ಮನೆಯ ಹೆಂಗಸು ಬಂದು ಇದೇ ಮೇಜಿನ ಎದುರು ನಿಲ್ಲುತ್ತಾಳೆ, ಅವಳು ಈ ಸುಳ್ಳನ್ನು ಹೇಳಿಯೂ ಹೇಳಬಹುದು. ಕುರಿಗಳು ಹೋಗುತ್ತವೆ. ಅಮ್ಮ ಆಮೇಲೆ ಗೋಡೆ ನೋಡುತ್ತಾ ಕೂರುತ್ತಾಳೆ. ಬೇಡವೆನ್ನುವುದರಿಂದ ಯಾವುದೂ ಸರಿಯಾಗುವುದಿಲ್ಲ ಎಂಬುದು ಅವಳಿಗೆ ಹಗಲಿನಷ್ಟು ನಿಚ್ಚಳವಾಗಿ ಕಾಣುತ್ತಿತ್ತು.

"ಒಂದೇ ಮಾತು ತಂಗಿ," ಎಂದ ಹ್ಯಾಡ್ಲಿ. "ಅಲ್ಲಿ ಹೋಗಿ ಹೇಳು, ಇಲ್ಲಿ ಬಂದು ಸಹಿ ಹಾಕು."

ಅವಳು ಬೀಗದ ಕೈಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಕೆಳಗಿದ್ದ ತನ್ನ ಕಾಗದ ಎಳೆದುಕೊಂಡು ನಾಲ್ಕು ಮಡಿಕೆ ಮಾಡಿದಳು.

"ಹೇಳಲ್ಲ," ಎಂದಳು.

"ಐದು ಸಾವಿರದ ಐನೂರು ಮಾಡ್ತೀನಿ. ಹೋಗಿ ಹೇಳು."

"ಹೇಳಲ್ಲ."