ಕೆಂಪು ಬೆಂಡಿನ ಬೀಗದಕೈ

ನೆರೆಮನೆಯ ಬೆರಿಲಳ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಮೊಳೆಗೆ, ಎನಿಡಳ ಮನೆಯ ಬೀಗದಕೈ ನೇತಾಡುತ್ತಿತ್ತು.

ಅದು ತನ್ನ ಮನೆಯದೇ ಎನ್ನುವುದರಲ್ಲಿ ಎನಿಡಳಿಗೆ ಸಂಶಯವಿರಲಿಲ್ಲ. ಅದಕ್ಕೆ ಕಟ್ಟಿದ್ದ ಗಾಳದ ಬೆಂಡಿಗೆ ಕೆಂಪು ಬಣ್ಣ ಬಳಿದವನು ಅವಳ ಗಂಡ ಡೆಸ್. ಬಳಿಯುವಾಗ ಊಟದ ಮೇಜಿನ ಮೇಲೆಲ್ಲ ಚೆಲ್ಲಿ ಅವಳಿಂದ ಬೈಸಿಕೊಂಡಿದ್ದ. ಆಮೇಲೆ ಆ ಬೀಗದಕೈ ಎಲ್ಲೋ ಕಳೆದುಹೋಯಿತೆಂದು ಹೇಳಿದ್ದ. ಈಗ ಕೇಳೋಣವೆಂದರೆ ಡೆಸ್ ಇಲ್ಲ. ಈಸ್ಟರ್ ಕಳೆದ ಮೇಲೆ ಅವನನ್ನು ಗೋಧಿಹೊಲಗಳ ನಡುವಿನ ಸಣ್ಣ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದಿದ್ದರು.

"ಕೂತ್ಕೋ ಎನಿಡ್, ಟೀ ಕಾಯಿಸ್ತೀನಿ," ಎಂದಳು ಬೆರಿಲ್.

"ಬೇಡ. ನಿಮ್ಮ ತಟ್ಟೆ ಕೊಟ್ಟು ಹೋಗೋಣಾಂತ ಬಂದೆ."

"ನಾನು ಕಳಿಸಿದ ಮಾಂಸದ ಪೈ ಹೇಗಿತ್ತು?"

"ಉಪ್ಪು ಮುಂದಾಗಿತ್ತು."

"ಡೆಸ್‌ಗೆ ಹಾಗಿದ್ರೇನೇ ಇಷ್ಟ ಆಗ್ತಿತ್ತು," ಎಂದು ಬೆರಿಲ್ ನಕ್ಕಳು.

ಎನಿಡ್ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಟುಬಂದಳು. ವೈದ್ಯರು ಉಪ್ಪು ಬಿಡಿಸಿದ ಮೇಲೆ ಮನೆಯಲ್ಲಿ ಡೆಸ್ ಚಪ್ಪೆ ಸೂಪನ್ನು ತುಟಿಪಿಟಿಕ್ಕೆನ್ನದೆ ಕುಡಿಯುತ್ತಿದ್ದ. ಉಪ್ಪು ಮುಂದಾದ ಪೈಯನ್ನು ಅವನು ಎಲ್ಲಿ ಕೂತು ತಿಂದ?

ಈ ಟಿಲ್ಪಾರಾ ಊರಿನಲ್ಲಿ ಅವನಿಗೆ ಏನು ಕಂಡಿತು ಎಂಬುದು ಅವಳಿಗೆ ಮೊದಲಿನಿಂದಲೂ ಅರ್ಥವಾಗಿರಲಿಲ್ಲ. ಅಡಿಲೇಡಿನಲ್ಲಿ ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದವನು, ಮೀನು ಹಿಡಿಯಲು ಹೋಗುವ ದಾರಿಯಲ್ಲಿ ಒಂದು ಸಲ ಇಲ್ಲಿ ಇಳಿದು, ಮನೆಗೆ ಬಂದವನೇ ಆ ಊರಿನಲ್ಲಿ ಮನೆ ಕೊಳ್ಳೋಣ ಎಂದ. ಒಂದು ಅಂಗಡಿ, ಒಂದು ಪಬ್ಬು, ಗೋಧಿ ತುಂಬುವ ಎತ್ತರದ ಕಣಜಗಳು, ಎರಡು ವಾರಕ್ಕೊಮ್ಮೆ ಪಾದ್ರಿ ಬರುವ ಚರ್ಚು. ಅಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, "ಎದುರಿಗೆ ಬರೋ ಕಾರಿನವರೆಲ್ಲ ನಮಸ್ಕಾರ ಅಂತ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ ಕಣೇ," ಎಂದಿದ್ದ. ಬೆರಳು ಎತ್ತುತ್ತಾರೆಂದು ಯಾರಾದರೂ ಮನೆ ಕೊಳ್ಳುತ್ತಾರೆಯೆ? ಛಾವಣಿ ರಿಪೇರಿಗೆಂದು ಅವನು ಮೊದಲು ಒಬ್ಬನೇ ಬಂದು ಚಳಿಗಾಲ ಪೂರ್ತಿ ಇಲ್ಲಿದ್ದ. ಪಕ್ಕದ ಮನೆಯಲ್ಲಿ ವಿಧವೆ ಬೆರಿಲ್ ಇದ್ದಳು.

ಬೀಗದಕೈ ಕಂಡ ದಿನದಿಂದ ಎನಿಡ್ ಬೆರಿಲಳ ಮೇಲೆ ಕಣ್ಣಿಟ್ಟಳು. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುವಾಗಲೇ ಬೆರಿಲ್ ನೀರಿನ ಪೈಪು ಹಿಡಿದು ಬೇಲಿಯ ಹತ್ತಿರ ನಿಲ್ಲುತ್ತಿದ್ದಳು. ಇಂಥ ಚಳಿಯಲ್ಲಿ ಯಾವ ಗಿಡಕ್ಕೆ ನೀರು? ಪೈಪಿನಿಂದ ನೀರು ಬರುತ್ತಲೂ ಇರಲಿಲ್ಲ. ಬೆರಿಲ್ ಎನಿಡಳ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿದ್ದು, ಎನಿಡ್ ಪರದೆ ಎತ್ತಿದ ಕೂಡಲೇ ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು. ಮಣ್ಣು ಮಾಡಿದ ದಿನ ಚರ್ಚಿನಲ್ಲಿ ತನಗಿಂತ ಹೆಚ್ಚು ಅತ್ತವಳು ಇವಳೇ ಎಂಬುದೂ ಎನಿಡಳಿಗೆ ನೆನಪಾಯಿತು. ಅಂಗಡಿಗೆ ಹೋದರೆ ಮಾತಾಡುತ್ತಿದ್ದವರು ಸುಮ್ಮನಾಗುತ್ತಿದ್ದರು. ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿಲ್ಲದ ಸಂಗತಿ ಯಾವುದು?

ಅಡಿಲೇಡಿನಿಂದ ತಂಗಿ ಮಾವಿಸ್ ಫೋನು ಮಾಡಿ, "ಆ ಕೊಂಪೆಯಲ್ಲಿ ಒಬ್ಬಳೇ ಏನು ಮಾಡ್ತೀಯಕ್ಕ? ಮಾರಿ ಬಂದ್ಬಿಡು," ಎಂದಳು.

"ಬರ್ತೀನಿ. ಒಂದು ವಿಷಯ ತಿಳ್ಕೊಂಡು ಬರ್ತೀನಿ."

ರಾತ್ರಿಯ ಪ್ರಾರ್ಥನೆಗೆ ಕೈ ಜೋಡಿಸಿದರೆ, ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ ಎಂಬ ಮಾತು ಬಂದಾಗ ನಾಲಿಗೆ ನಿಂತುಹೋಗುತ್ತಿತ್ತು. ಯಾರನ್ನು, ಏನೆಂದು ಕ್ಷಮಿಸಬೇಕೆಂದು ತಿಳಿಯದೆ ಆ ಮಾತು ಹೇಗೆ ಹೇಳಲಿ ಎಂದು ಅವಳು ದೇವರನ್ನೇ ಕೇಳಿದಳು. ಗಂಡನನ್ನು ಕಳೆದುಕೊಂಡದ್ದನ್ನು ದೇವರ ಚಿತ್ತವೆಂದು ಒಪ್ಪಿದ್ದಳು. ಗಂಡ ತನ್ನವನಾಗಿ ಇರಲೇ ಇಲ್ಲ ಎನ್ನುವುದನ್ನು ಒಪ್ಪುವ ಶಕ್ತಿ ಅವಳಿಗಿರಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದಳು. ಮಾರನೆಯ ಬೆಳಿಗ್ಗೆ ಪರದೆ ಎತ್ತಲಿಲ್ಲ, ಒಲೆ ಹೊತ್ತಿಸಲಿಲ್ಲ. ಕೋಟು ತೊಟ್ಟು, ಕತ್ತಲೆಯ ಮೂಲೆಯಲ್ಲಿ ಡೆಸ್‌ನ ಕುರ್ಚಿಯಲ್ಲಿ ಕೂತಳು. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡರೆ ಬೆರಿಲ್ ಬೀಗ ತೆಗೆದು ಬಂದೇ ಬರುತ್ತಾಳೆ. ಬಂದು ಡೆಸ್‌ನ ಯಾವ ಪೆಟ್ಟಿಗೆಗೆ ಕೈ ಹಾಕುತ್ತಾಳೋ ನೋಡೋಣ.

ಹೊರಗೆ ಮ್ಯಾಗ್‌ಪೈ ಹಕ್ಕಿಗಳು ಕೂಗಿದವು. ಹಾಲಿನ ವ್ಯಾನು ಹೋಯಿತು. ಕಾಲು ಮರಗಟ್ಟಿತು. ಬೇಲಿಯ ಗೇಟು ಕಿರ್ರೆಂದಿತು. ಬಾಗಿಲು ಬಡಿದ ಸದ್ದು.

"ಎನಿಡ್! ಎನಿಡ್, ಇದ್ದೀಯೇನೇ?"

ಎನಿಡ್ ಉಸಿರು ಬಿಗಿಹಿಡಿದಳು. ಹಿತ್ತಲ ಬಾಗಿಲಲ್ಲಿ ಬೀಗದಕೈ ತಿರುಗಿತು.

ಬೆರಿಲ್ ಒಳಗೆ ಬಂದದ್ದು ಕಳ್ಳಹೆಜ್ಜೆಯಲ್ಲಿ ಅಲ್ಲ. ರಾತ್ರಿಯ ಉಡುಪಿನಲ್ಲಿಯೇ, ಒಂದೇ ಕಾಲಿಗೆ ಚಪ್ಪಲಿ, ತಲೆ ಕೆದರಿಕೊಂಡು ಓಡುತ್ತ ಬಂದಳು. ಯಾವ ಪೆಟ್ಟಿಗೆಯನ್ನೂ ನೋಡಲಿಲ್ಲ. ನೇರ ಬಚ್ಚಲಿಗೆ ಹೋಗಿ ನೆಲ ನೋಡಿದಳು, ಮಲಗುವ ಕೋಣೆಗೆ ಹೋಗಿ ಹಾಸಿಗೆ ನೋಡಿದಳು. "ಅಯ್ಯೋ ದೇವರೇ, ಎಲ್ಲಿ ಬಿದ್ದಿದ್ದಾಳೋ!" ಎಂದು ಕೂಗಿದಳು.

"ಏನು ಹುಡುಕ್ತಾ ಇದ್ದೀರಿ?" ಎಂದಳು ಎನಿಡ್ ಕತ್ತಲೆಯಿಂದ.

ಬೆರಿಲ್ ಕಿಟ್ಟನೆ ಕಿರುಚಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಹಿಂದೆಯೇ ಎದುರುಮನೆಯ ರಸ್ ನುಗ್ಗಿ ಬಂದ. ಊರಿನ ಆಂಬುಲೆನ್ಸಿಗೆ ಸ್ವಯಂಸೇವಕನಾದ ಅವನ ಒಂದು ಕೆನ್ನೆಯ ಮೇಲೆ ಕ್ಷೌರದ ನೊರೆ ಹಾಗೇ ಇತ್ತು, ಕೈಯಲ್ಲಿ ಆಮ್ಲಜನಕದ ಚೀಲ.

"ಇಬ್ಬರಲ್ಲಿ ಯಾರಿಗೆ ಬೇಕು ಇದು?" ಎಂದು ಕೇಳಿದ.

"ನನಗೇ ಕೊಡು!" ಎಂದಳು ಬೆರಿಲ್. "ಏನು ಹೆಂಗಸೇ ನೀನು! ಬದುಕಿದ್ದೂ ಪರದೆ ಎತ್ತದೆ ಕೂತಿದ್ದೀಯಲ್ಲ!"

"ನನ್ನ ಮನೆ ಪರದೆ. ಈ ಬೀಗದಕೈ ನಿಮ್ಮ ಹತ್ತಿರ ಹೇಗೆ ಬಂತು?"

"ಡೆಸ್ ಕೊಟ್ಟ."

"ಯಾಕೆ ಕೊಟ್ರು? ನಿಮಗೂ ನನ್ನ ಗಂಡನಿಗೂ ಏನಿತ್ತು?"

ರಸ್ ನೊರೆ ಒರೆಸಿಕೊಂಡು, "ನಾನು ಟೀಗೆ ನೀರಿಡ್ತೀನಿ," ಎಂದು ಅಡುಗೆಮನೆಗೆ ಜಾರಿದ.

ಬೆರಿಲ್ ಬಾಯಿ ತೆರೆದುಕೊಂಡು ನೋಡಿದಳು. ಆಮೇಲೆ ನಗತೊಡಗಿದಳು. ನಗುವಿನ ನಡುವೆ ಕಣ್ಣೀರು ಬಂತು. "ನನಗೂ ಡೆಸ್‌ಗೂ? ಚರ್ಚಲ್ಲಿ ನಾನು ಹಾಡಿದ್ರೆ ಕಿವಿ ಮುಚ್ಕೊಳ್ತಿದ್ದ ಕಣೇ! ಕೇಳು. ನಿಮಗಿಂತ ಮುಂಚೆ ಈ ಮನೇಲಿ ಆಲಿವ್ ಇದ್ದಳು. ಬಚ್ಚಲಲ್ಲಿ ಬಿದ್ದು ಸೊಂಟ ಮುರ್ಕೊಂಡು, ಕೂಗಿ ಕೂಗಿ ಸತ್ತಳು. ಬೇಲಿ ಆಚೆ ನಾನು ರೇಡಿಯೋ ಹಾಕ್ಕೊಂಡು ಕೂತಿದ್ದೆ. ಆವತ್ತಿಂದ ಈ ಬೀದೀಲಿ ಒಬ್ಬರ ಕಿಟಕಿ ಇನ್ನೊಬ್ಬರು ನೋಡ್ತೀವಿ. ಪರದೆ ಎದ್ದರೆ ಜೀವ ಇದೆ ಅಂತ. ಡೆಸ್ ಇಲ್ಲಿ ಒಬ್ಬನೇ ಇದ್ದಾಗ ಒಂದಿನ ತಡವಾಗಿ ಎದ್ದ. ಕಣ್ಣು ಬಿಟ್ರೆ ಹಾಸಿಗೆ ಸುತ್ತ ಮೂವರು ನಿಂತಿದ್ವಿ! ದಿನ ಪೂರ್ತಿ ನಕ್ಕ. 'ಬಸ್ಸಲ್ಲಿ ಲಕ್ಷ ಜನ ಹತ್ತಿ ಇಳಿದ್ರು ಬೆರಿಲ್, ನಾನು ಬರದ ದಿನ ಯಾಕೆ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ' ಅಂದ."

"ನನಗ್ಯಾಕೆ ಹೇಳಲಿಲ್ಲ?"

"ಬಂದ ವಾರವೇ ನನ್ನ ಕಿಟಕಿ ಕಡೆ ಇಣುಕಬೇಡಿ ಅಂದೆಯಲ್ಲ ನೀನು? ಅವನಿಗೆ ಎದೆ ನೋವು ಶುರುವಾದ ಮೇಲೆ ಈ ಬೀಗದಕೈ ತಂದುಕೊಟ್ಟ. ಅವಳಿಗೆ ಹೇಳಬೇಡ, ಬೇಹುಗಾರಿಕೆ ಅಂತಾಳೆ, ಆದ್ರೆ ನೋಡ್ತಾ ಇರು ಅಂದ. ಪೈ ಒಂದು ಚೂರು ತಿಂದ, ನಿಜ. ಅದೊಂದು ಪಾಪ ನಂದೇ."

ಸುಳ್ಳು ಹೇಳುವವರೂ ಹೀಗೆಯೇ ಅತ್ತು ನಕ್ಕು ಹೇಳಬಲ್ಲರು ಎಂದು ಎನಿಡಳ ಮನಸ್ಸಿನ ಒಂದು ಮೂಲೆ ಇನ್ನೂ ಗೊಣಗುತ್ತಿತ್ತು.

"ಡೆಸ್ ಯಾರ ಕಿಟಕಿ ನೋಡ್ತಿದ್ರು?" ಎಂದು ಕೇಳಿದಳು.

"ಕಿಟಕಿ ಅಲ್ಲ, ನಿಮ್ಮ ಹಿತ್ತಲಾಚೆ ಇರೋ ಮುದುಕ ಕ್ಲೆಮ್‌ನ ಒಲೆ ಹೊಗೆ. ಅವನ ಚಿಮಣಿ ನನ್ನ ಮನೆಯಿಂದ ಕಾಣಲ್ಲ. ಡೆಸ್ ಹೋದ ಮೇಲೆ ರಸ್ ಕೆಲಸಕ್ಕೆ ಹೋಗ್ತಾ ಒಂದು ಕೂಗು ಹಾಕ್ತಾನೆ, ಅಷ್ಟೇ."

ಎಲ್ಲರೂ ಹೋದ ಮೇಲೆ ಎನಿಡ್ ಬಟ್ಟೆ ಒಗೆಯುವ ಕೋಣೆಗೆ ಹೋದಳು. ಡೆಸ್ ದಿನಾ ಬೆಳಿಗ್ಗೆ ಟೀ ಹಿಡಿದು ಅಲ್ಲಿನ ಸಣ್ಣ ಕಿಟಕಿಯ ಬಳಿ ನಿಲ್ಲುತ್ತಿದ್ದ. ಬೆಟ್ಟ ನೋಡುತ್ತಾನೆಂದು ಅವಳು ತಿಳಿದಿದ್ದಳು. ಈಗ ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಬಗ್ಗಿ, ಬಾಗಿ, ಬೆರಿಲಳ ಮನೆ ಕಾಣುತ್ತದೆಯೇ ಎಂದು ಪರೀಕ್ಷಿಸಿದಳು. ಒಂದು ಹಂಚೂ ಕಾಣಲಿಲ್ಲ. ಬೆಟ್ಟವೂ ಕಾಣಲಿಲ್ಲ. ಎದುರಿಗಿದ್ದದ್ದು ತುಕ್ಕು ಹಿಡಿದ ಒಂದು ತಗಡಿನ ಮಾಡು, ಅದರ ಮೇಲೊಂದು ಚಿಮಣಿ. ಕಿಟಕಿಯ ಕಟ್ಟೆಯ ಬಿಳಿ ಬಣ್ಣದ ಮೇಲೆ ಅವನ ಲೋಟದ ಅಡಿಯ ಕಂದು ಉಂಗುರಗಳು ಒಂದರ ಮೇಲೊಂದು ಬಿದ್ದು ಹೂವಿನ ಹಾಗೆ ಆಗಿದ್ದವು. ಎನಿಡ್ ಅವುಗಳ ಮೇಲೆ ಕೈಯಿಟ್ಟಳು. ಆ ರಾತ್ರಿ ಪ್ರಾರ್ಥನೆಯ ಮಾತು ನಾಲಿಗೆಯಲ್ಲಿ ನಿಲ್ಲಲಿಲ್ಲ. ಕ್ಷಮೆ ಬೇಡಬೇಕಾದವಳು ತಾನೇ ಆಗಿದ್ದಳು.

ಬೆಳಿಗ್ಗೆ ಎದ್ದು ಅಡುಗೆಮನೆಯ ಪರದೆ ಎತ್ತಿದಳು. ಬೇಲಿಯಾಚೆ ಬೆರಿಲ್ ಪೈಪನ್ನು ಬಿಸಾಕಿ ಒಂದು ಬೆರಳು ಎತ್ತಿ ತೋರಿಸಿದಳು. ಎನಿಡ್ ಟೀ ಹಿಡಿದು ಸಣ್ಣ ಕಿಟಕಿಗೆ ಹೋದಳು.

ಚಿಮಣಿಯಲ್ಲಿ ಹೊಗೆ ಇರಲಿಲ್ಲ.

ಟೀ ಮುಗಿಯಿತು. ಹೊಗೆ ಬರಲಿಲ್ಲ. ಅವಳಿಗೆ ಅನುಮಾನ ಹುಟ್ಟಿತು. ಲೋಟವನ್ನು ಆ ಉಂಗುರಗಳ ಮೇಲೇ ಇಟ್ಟು, ಕೋಟು ಎಳೆದುಕೊಂಡು, ಇಬ್ಬನಿ ತುಳಿಯುತ್ತ ಓಡಿದಳು. ಬಾಗಿಲಿಗೆ ಬೀಗ ಹಾಕುವುದೂ ಮರೆತುಹೋಯಿತು.

ಕ್ಲೆಮ್ ತನ್ನ ಕಟ್ಟಿಗೆ ರಾಶಿಯ ಮುಂದೆ ಕೊಡಲಿ ಹಿಡಿದು ನಿಂತು ಏದುಸಿರು ಬಿಡುತ್ತಿದ್ದ.

"ಏನಮ್ಮಾ, ನಾನು ಸತ್ತೆ ಅಂದ್ಕೊಂಡು ಬಂದ್ಯಾ?"

"ಹೌದು, ಅನುಮಾನ ಬಂತು."

"ಸ್ವಲ್ಪ ತಡಿ. ಒಲೆ ಹೊತ್ತಿಸ್ತೀನಿ, ಸತ್ತಿದ್ದೀನೋ ಇಲ್ವೋ ಆಮೇಲೆ ನೋಡೋಣ," ಎಂದು ಮುದುಕ ಅವಳ ತೋಳಿಗೆ ಕಟ್ಟಿಗೆ ಹೇರಿದ.