ಏಳನೆಯ ಸೂಚನೆ

ಆ ಸೊನ್ನೆ ಅಷ್ಟು ದುಂಡಗಿರಬಾರದಿತ್ತು.

ಮೊರಬದಲ್ಲಿ ಬಸ್ಸಿಳಿದಾಗಲೂ ನೀಲಾಂಬಿಕೆಯ ಕಣ್ಣ ಮುಂದೆ ಅದೇ ಇತ್ತು. ಎರಡು ವರ್ಷಗಳಲ್ಲಿ ಹೆರಿಗೆಯಲ್ಲಿ ಸತ್ತ ಹೆಂಗಸರು: ಮೊರಬ, ಸೊನ್ನೆ. ನಲವತ್ತು ಹಳ್ಳಿಗಳ ಪಟ್ಟಿಯಲ್ಲಿ ಇಂಥ ಮೂವತ್ತೊಂದು ಸೊನ್ನೆಗಳಿದ್ದವು. ಮೊನ್ನೆಯವರೆಗೆ ಅವನ್ನು ನೋಡಿ ಅವಳು ಸಂತೋಷಪಟ್ಟಿದ್ದಳು. ಈಗ ಆ ಸಂತೋಷ ನೆನಪಾದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕೆನ್ನಿಸುತ್ತಿತ್ತು.

ಮೊನ್ನೆ ಬಂದದ್ದು ಒಂದು ಕಾರ್ಡು. ಮೊರಬದ ನರ್ಸು ರಹೀಮಾಬಿ ಬರೆದದ್ದು, ಎರಡೇ ಸಾಲು. ‘ಮೊರಬದಾಗ ಯಾರೂ ಸತ್ತಿಲ್ಲ ಅಂತ ಬರದವರು ಒಮ್ಮೆ ಬರ್ರಿ. ನನ್ನ ಕೈಯಾಗ ಸತ್ತವರ ಮನಿ ತೋರಸ್ತೀನಿ.’

ನೀಲಾಂಬಿಕೆ ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿ. ಆರು ವರ್ಷ ಕೂತು ಒಂದು ಸೂತ್ರ ಕಟ್ಟಿದ್ದಳು. ಊರಿನ ಹುಟ್ಟು, ಸಾವು, ರಸ್ತೆ, ದೂರ ಇಷ್ಟನ್ನು ಅದರ ಬಾಯಿಗೆ ಹಾಕಿದರೆ, ಯಾವ ಊರಿಗೆ ನರ್ಸು ಬೇಕು, ಯಾವ ಊರಿಗೆ ಬೇಡ ಎಂದು ಅದು ಹೇಳುತ್ತಿತ್ತು. ಸರಕಾರ ಒಪ್ಪಿತ್ತು. ಪುಣೆಯ ಗಣಕಯಂತ್ರ ಲೆಕ್ಕ ಹಾಕಿ ಹೇಳಿತ್ತು: ಮೊರಬಕ್ಕೆ ಬೇಡ. ಇವತ್ತು ಮಧ್ಯಾಹ್ನ ಮೂರಕ್ಕೆ ನವಲಗುಂದದ ಕಚೇರಿಯಲ್ಲಿ ಅವಳು ಸಹಿ ಹಾಕಬೇಕು. ಹಾಕಿದರೆ ಒಂದನೆಯ ತಾರೀಖಿನಿಂದ ರಹೀಮಾಬಿ ಬೇರೆ ಊರಿಗೆ. ಮೊರಬದ ಬಸುರಿಯರಿಗೆ, ಬಸ್ಸು ಸಿಕ್ಕರೆ, ನವಲಗುಂದ.

ಬಸ್ ಸ್ಟ್ಯಾಂಡಿನಲ್ಲಿ ಶಂಭುಲಿಂಗಪ್ಪ ಕಾದಿದ್ದ. ಈ ಊರುಗಳ ಗಣತಿ ಮಾಡಿಸಿದವನು ಅವನೇ. ಕಂಕುಳಲ್ಲಿ ಫಾರ್ಮುಗಳ ಕಟ್ಟು.

“ಇಂಥಾ ಬಿಸಲಾಗ ಯಾಕ ಬರಾಕ ಹೋದ್ರಿ ಮೇಡಂ? ಎಲ್ಲಾ ಬರೋಬರಿ ಐತಿ. ಒಂದ ಕಾಟು ಇಲ್ಲ ಫಾರ್ಮಿನ್ಯಾಗ.”

“ಅದಕ್ಕ ಬಂದೇನಿ.”

ಓಣಿಯುದ್ದಕ್ಕೂ ಬಾಗಿಲ ಪಕ್ಕದ ಗೋಡೆಗಳ ಮೇಲೆ, ಎದೆಮಟ್ಟದಲ್ಲಿ, ಗಣತಿಯ ಡಾಂಬರಿನ ಅಂಕಿಗಳು. ಸುಣ್ಣ ಬಳಿದಾಗ ಹಳೆಯವು ಅಳಿಸಿಹೋಗಿದ್ದವೆಂದು, ಮೇಡಂ ಬರುತ್ತಾರೆಂದು, ಶಂಭುಲಿಂಗಪ್ಪ ನಿನ್ನೆ ಮತ್ತೆ ಬರೆಸಿದ್ದ. ಏಪ್ರಿಲ್ ಬಿಸಿಲಿಗೆ ಅವು ಒಣಗುವ ಬದಲು ಬೆವರುತ್ತಿದ್ದವು.

ರಹೀಮಾಬಿ ನಲವತ್ತೇಳನೆಯ ನಂಬರಿನ ಮನೆಯ ಮುಂದೆ ಕೊಡೆ ಹಿಡಿದು ನಿಂತಿದ್ದಳು. ಐವತ್ತರ ಹೆಂಗಸು, ಚಪ್ಪಲಿಗೆ ಎರೆಮಣ್ಣಿನ ಧೂಳು ಮೆತ್ತಿತ್ತು. ನಮಸ್ಕಾರ ಮಾಡಲಿಲ್ಲ.

“ನೀವ ಏನ್ರಿ ಸೊನ್ನಿ ಹಾಕಿದವ್ರು?”

ನೀಲಾಂಬಿಕೆ ಕಟ್ಟೆ ಹತ್ತಿದಳು. ಶಂಭುಲಿಂಗಪ್ಪ ಕೆಳಗೇ ನಿಂತ. ಈ ಓಣಿಯ ಕಟ್ಟೆಗಳನ್ನು ಅವನು ಹತ್ತುವವನಲ್ಲ. ಗಣತಿಯನ್ನೂ ಬೀದಿಯಲ್ಲಿ ನಿಂತೇ ಮಾಡಿದ್ದ.

ಒಳಗೆ ಆ ಮನೆಯ ಮುದುಕಿ ಸಾವಂತ್ರೆವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಶಂಭುಲಿಂಗಪ್ಪ ಕೆಳಗಿನಿಂದಲೇ ಫಾರ್ಮು ಬಿಚ್ಚಿ ಓದಿದ.

“ಏ ಬೇ, ಈ ಎರಡ ವರ್ಷದಾಗ ನಿಮ್ಮ ಮನ್ಯಾಗ ಯಾರರ ಸತ್ತಾರೇನು?”

“ಇಲ್ರೀಯಪ್ಪಾ. ಹ್ವಾದ ಸಲಾನೂ ಹೇಳೇನಲ್ಲ.”

ಶಂಭುಲಿಂಗಪ್ಪ ನೀಲಾಂಬಿಕೆಯ ಮುಖ ನೋಡಿದ. ಮುಗೀತಲ್ಲ, ಹೋಗೂಣು ಎಂಬಂತೆ.

“ಸಾವಂತ್ರೆವ್ವಾ,” ಎಂದಳು ರಹೀಮಾಬಿ, “ನಿನ್ನ ರೇಣುಕವ್ವ ಎಲ್ಲೆ ಸತ್ಲು?”

ಮೊರ ನಿಂತಿತು. “ಇಲ್ಲೇ, ಹಿತ್ತಲ ಖೋಲ್ಯಾಗ. ನಿನ್ನ ಕೈಯಾಗ ಅಲ್ಲೇನ ಬೇ?”

“ಮತ್ತ ಯಾರೂ ಸತ್ತಿಲ್ಲ ಅಂದಿ?”

“ಅಕಿ ನಮ್ಮಕಿ ಹೆಂಗ ಆಕ್ಕಾಳ? ಬಮ್ಮಿಗಟ್ಟಿಗೆ ಕೊಟ್ಟಿದ್ದೆ. ಕೊಟ್ಟ ಹೆಣ್ಣು ಕುಲಕ್ಕ ಹೊರಗು. ಬಾಣಂತನಕ್ಕ ಬಂದಿದ್ಲು, ಹ್ವಾದ್ಲು. ಅವರ ಲೆಕ್ಕದಾಗ ಬರತಾಳ. ಅವರನ್ನ ಕೇಳ್ರಿ.”

ಬೀದಿಯಿಂದ ಶಂಭುಲಿಂಗಪ್ಪ ನಕ್ಕ. “ಬಮ್ಮಿಗಟ್ಟ್ಯಾಗೂ ಕೇಳೇವ್ರಿ. ತವರಮನ್ಯಾಗ ಸತ್ಲು, ನಮ್ಮ ಮನ್ಯಾಗಲ್ಲ ಅಂದ್ರು. ಅದೂ ಖರೇನ ಅಲ್ಲೇನ್ರಿ?”

“ನಿಮಗ ಗೊತ್ತಿತ್ತು?”

“ಗೊತ್ತಿಲ್ದ ಏನ್ರಿ ಮೇಡಂ. ಆದರ ಗಣತಿಯವರಿಗೆ ನೀವ ಬರಕೊಟ್ಟ ಏಳನೇ ಸೂಚನಾ ಐತಲ್ರಿ.” ಅವನು ಹಾಳೆ ನೋಡಲಿಲ್ಲ. ಬಾಯಿಪಾಠ ಒಪ್ಪಿಸಿದ: “ಹೆರಿಗೆ, ಬಾಣಂತನಗಳಿಗಾಗಿ ತವರಿಗೆ ಬಂದ ಸ್ತ್ರೀಯರನ್ನು ಅತಿಥಿಗಳೆಂದು ಪರಿಗಣಿಸಿ ಕೈಬಿಡತಕ್ಕದ್ದು.”

ಅವಳದೇ ಭಾಷೆ. ಅವಳದೇ ‘ತಕ್ಕದ್ದು’.

ಒಬ್ಬಳೇ ಹೆಂಗಸು ಎರಡು ಊರಲ್ಲಿ ಎರಡು ಸಲ ಎಣಿಕೆಯಾಗಬಾರದೆಂದು ಫ್ಯಾನಿನ ಕೆಳಗೆ ಕೂತು ಬರೆದದ್ದು. ಎರಡು ಸಲ ಎಣಿಸಬಾರದೆಂಬ ಎಚ್ಚರದಲ್ಲಿ ಒಂದು ಸಲವೂ ಎಣಿಸಿರಲಿಲ್ಲ. ಚೊಚ್ಚಲಿಗೆ ಮಗಳು ತವರಿಗೆ ಬರುತ್ತಾಳೆ ಎಂಬುದು ಈ ಸೀಮೆಯ ಕೂಸಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದಳು.

ಅವಳೂ ಒಮ್ಮೆ ತವರಿಗೆ ಬಂದವಳೇ. ಬಾಣಂತನಕ್ಕಲ್ಲ, ಗಂಡನ ಮನೆ ಬಿಟ್ಟು, ಅಣ್ಣನ ಮನೆಗೆ. ಎಪ್ಪತ್ತೊಂದರ ಜನಗಣತಿಯವನು ಬಾಗಿಲಿಗೆ ಬಂದಾಗ ಅತ್ತಿಗೆ ಹೇಳಿದ್ದು ಒಳಗೆ ಕೇಳಿಸಿತ್ತು: ‘ಅವರು ನಮ್ಮ ಮನಿಯವರಲ್ರಿ. ನಾಕ ದಿನ ಬಂದಾರ.’ ಆ ನಾಲ್ಕು ದಿನಕ್ಕೆ ಆಗಲೇ ಐದು ವರ್ಷವಾಗಿತ್ತು. ಒಳಗೆ ಕೂತು ಅವಳು ನಕ್ಕಿದ್ದಳು. ಮರುವರ್ಷ ಏಳನೆಯ ಸೂಚನೆ ಬರೆದಳು.

“ಒಟ್ಟು ಎಷ್ಟು ಮಂದಿ?” ರಹೀಮಾಬಿಯನ್ನು ಕೇಳಿದಳು.

“ಸತ್ತವರು ಆರು. ಎಲ್ಲಾ ತವರಿಗೆ ಬಂದ ಹುಡುಗ್ಯಾರ. ಉಳಿಸಿದ್ದು ನೂರಾ ಚಿಲ್ರಿ. ಅವರೂ ನಿಮಗ ಅತಿಥಿಗಳ ಅಲ್ಲೇನ್ರಿ?”

ಸಾವಂತ್ರೆವ್ವ ಹಿತ್ತಲ ಖೋಲಿ ತೋರಿಸಿದಳು. ಎಮ್ಮೆ ಕಟ್ಟುವ ಜಾಗದ ಪಕ್ಕ ಒಂದು ತಗಡಿನ ಮಾಡು, ಕಿಟಕಿಯಿಲ್ಲ. ಹೊರಸಿನ ಹಗ್ಗ ಜೋತುಬಿದ್ದಿತ್ತು. ಅದರ ಮೇಲೆ ಈಗ ಹತ್ತಿಯ ಚೀಲ. ಈ ಬಾಗಿಲಿಗೆ ಅಂಕಿ ಇರಲಿಲ್ಲ.

ತಿರುಗಿ ಮುಂಬಾಗಿಲಿಗೆ ಬರುವಷ್ಟರಲ್ಲಿ ತಲೆ ತಿರುಗಿತು. ನೀಲಾಂಬಿಕೆ ಹೊರಗೆ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಯಾರ ಮೇಲೆ ಸಿಟ್ಟು ಬರಬೇಕೆಂದು ತಿಳಿಯದೆ ಎಲ್ಲರ ಮೇಲೂ ಬಂತು. ಹಲ್ಲು ಕಿರಿಯುವ ಶಂಭುಲಿಂಗಪ್ಪನ ಮೇಲೆ. ಇಷ್ಟು ದಿನ ಸುಮ್ಮನಿದ್ದ ರಹೀಮಾಬಿಯ ಮೇಲೆ. ಹೆತ್ತ ಮಗಳನ್ನು ಇಷ್ಟು ಸಲೀಸಾಗಿ ಲೆಕ್ಕದಿಂದ ಹೊರಗಿಟ್ಟ ಈ ಮುದುಕಿಯ ಮೇಲೆ ಎಲ್ಲಕ್ಕಿಂತ ಹೆಚ್ಚು.

“ನಿಮ್ಮ ಮಗಳಲ್ಲೇನು ಅಕಿ?” ಚೀರಿದಳು. “ಒಂದ ಮಾತು, ಸತ್ಲು ಅನ್ನಾಕ ಆಗಲಿಲ್ಲ?”

ಸಾವಂತ್ರೆವ್ವ ನೀರಿನ ತಂಬಿಗೆ ಹಿಡಿದುಕೊಂಡೇ ನಿಂತಳು. ಸಿಟ್ಟಾಗಲಿಲ್ಲ.

“ಬಾಯಾರ, ಮಗಳು ಸತ್ತಾಳೇನು ಅಂತ ಯಾರ ಕೇಳಿದ್ರಿ? ಮನ್ಯಾಗ ಸತ್ತಾರೇನು ಅಂದ್ರು.” ಆಮೇಲೆ ಮೆಲ್ಲಗೆ, “ಈಗ ಅಕಿನ್ನ ಬರಕೊಂತೀರೇನು? ಹತ್ತೊಂಬತ್ತು ವರ್ಷ ಅಕಿಗೆ.”

ನೀಲಾಂಬಿಕೆ ಪೆನ್ನು ತೆಗೆದಳು. ಫಾರ್ಮಿನಲ್ಲಿ ಮೂವತ್ತೆರಡು ಕಾಲಮ್ಮುಗಳಿದ್ದವು. ಎಲ್ಲವನ್ನೂ ಅವಳೇ ಗೆರೆ ಎಳೆದು ಮಾಡಿದ್ದಳು. ರೇಣುಕವ್ವನನ್ನು ಅಂಚಿನ ಖಾಲಿ ಜಾಗದಲ್ಲಿ ಬರೆದಳು.

ಮೂರು ಗಂಟೆಗೆ ನವಲಗುಂದದ ಕಚೇರಿಯಲ್ಲಿ ಸಾಹೇಬ ಈರಬಸಪ್ಪ ಫೈಲು ಬಿಚ್ಚಿಟ್ಟು ಕಾಯುತ್ತಿದ್ದರು.

“ಪಟ್ಟಿ ತಪ್ಪೈತಿ. ಸಹಿ ಹಾಕೂದಿಲ್ಲ ನಾನು.”

“ಯಾವ ಅಂಕಿ ತಪ್ಪೈತ್ರಿ?”

“ಅಂಕಿ ಅಲ್ಲ. ಸೂಚನಾ.”

“ಸೂಚನಾ ಬರದವರು ಯಾರ್ರಿ?”



“ಮೊರಬದಾಗ ಆರು ಮಂದಿ ಸತ್ತಾರ,” ಎಂದಳು ನೀಲಾಂಬಿಕೆ.

“ಇರಬಹುದ್ರಿ. ಎಲ್ಲೆ ಬರೀಲಿ ಆರು? ನೀವ ತೋರಸ್ರಿ.” ಅವರು ಪಟ್ಟಿಯನ್ನು ಅವಳತ್ತ ತಿರುಗಿಸಿದರು. ವ್ಯಂಗ್ಯವಿರಲಿಲ್ಲ. ನಿಜಕ್ಕೂ ಜಾಗ ಹುಡುಕುವವರ ಹಾಗೆ ಬೆರಳಾಡಿಸಿದರು.

ನೀಲಾಂಬಿಕೆ ಮೇಜಿಗೆ ಗುದ್ದಿದಳು. ಚಹ ತುಳುಕಿ ಸಾಸರಿಗೆ ಬಿತ್ತು. “ಈ ನರ್ಸನ್ನ ತಗದ್ರ ನಾಳೆ ಮತ್ತೊಬ್ಬಾಕಿ ಸಾಯತಾಳ. ಅಕಿನ್ನೂ ಎಣಸೂದಿಲ್ಲ ನೀವು! ನಾಚಿಕಿ ಬರೂದಿಲ್ಲೇನು?”

ಕಚೇರಿಯಲ್ಲಿ ಟೈಪಿನ ಸಪ್ಪಳ ನಿಂತಿತು. ಈರಬಸಪ್ಪ ಸಾಸರನ್ನು ಒರೆಸಿ ಅವಳ ಮುಂದೆ ಸರಿಸಿದರು.

“ಚಾ ತಗೋರಿ, ಆರತೈತಿ. ನಿಮ್ಮ ಸಹಿ ಇಲ್ಲಂದ್ರೂ ನಡೀತೈತಿ ಮೇಡಂ. ಹ್ವಾದ ವರ್ಷ ಸೂತ್ರದ ಮ್ಯಾಲ ಹಾಕೀರಲ್ಲ, ಅದ ಸಾಕು. ಇವತ್ತು ಕರದಿದ್ದು ಬರೇ ಮರ್ಯಾದಿಗೆ.”

ಅವಳು ಎದ್ದಳು. ಬಾಗಿಲು ದಾಟುವಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಲಿಲ್ಲ.

ಹುಬ್ಬಳ್ಳಿ ಬಸ್ಸಿಗೆ ಕಾಯುವ ಗುಂಪಿನಲ್ಲಿ ಅವಳ ಹಿಂದೆ ಒಬ್ಬ ಬಸುರಿ ಇದ್ದಳು, ತಲೆಯ ಮೇಲೆ ಗಂಟು. ಅವಳೇ ಹೆಗಲು ಮುಟ್ಟಿದಳು.

“ಅಕ್ಕಾರ, ನಿಮ್ಮ ಬೆನ್ನಿಗೆ ಕರೀದೇನೋ ಹತ್ತೈತ್ರಿ.”

“ಏನು?”

“ಅಂಕಿ ಇದ್ದಂಗ ಐತಿ.” ಹುಡುಗಿ ಕತ್ತು ವಾಲಿಸಿ ನೋಡಿದಳು. “ಉಲ್ಟಾ ಮೂಡೈತಿ. ಓದಾಕ ಬರೂದಿಲ್ರಿ.”

ನೀಲಾಂಬಿಕೆ ಕೈಯನ್ನು ಹಿಂದೆ ಒಯ್ದಳು. ಮೇಲಿನಿಂದ ಒಯ್ದಳು, ಕೆಳಗಿನಿಂದ ಒಯ್ದಳು. ಬಿಳಿ ಸೀರೆಯ ನಡುಬೆನ್ನಿಗೆ ಬೆರಳು ನಿಲುಕಲಿಲ್ಲ. ಅಂಚಿನಲ್ಲಿ ಎಲ್ಲೋ ತಾಗಿ ತುದಿ ಮಾತ್ರ ಕಪ್ಪಾಗಿ ಬಂತು.

“ತವರಿಗೆ ಹೊಂಟೇನ್ರಿ ನಾನು,” ಎಂದಳು ಹುಡುಗಿ, ಕೇಳದಿದ್ದರೂ. “ನಿಮ್ಮದು ಯಾವ ಊರ್ರಿ?”

ಬಸ್ಸು ಬಂತು. ಜನ ನುಗ್ಗಿದರು. ನೀಲಾಂಬಿಕೆ ಕಪ್ಪು ಬೆರಳನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಹಿಂದಿನಿಂದ ಬಂದವರೆಲ್ಲ ಅವಳ ಬೆನ್ನನ್ನು ಒಂದು ಸಲ ನೋಡಿ, ಓದಲು ಬಾರದೆ, ಬದಿಗೆ ಸರಿದು ಹತ್ತಿದರು.